ಸೋತವರ ವಿಜಯೋತ್ಸವ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು ಎಂದು ಶಾಲೆಯಲ್ಲಿ ಓದಿದ್ದನ್ನು ನಾವೆಲ್ಲ ಪಾಪ ನಂಬಿಕೊಂಡಿದ್ದೇವೆ. ಪುಸ್ತಕದಂಗಡಿಗೆ ಹೋಗಿ ನೋಡಿ. ಅಲ್ಲಿ ಅದು ಇನ್ನೂ ನಡೆಯುತ್ತಿದೆ. ಯಾರಾದರೊಬ್ಬ ಕಾದಂಬರಿಕಾರ ಅದನ್ನು ಮತ್ತೆ ಹೂಡುತ್ತಾನೆ. ಮತ್ತೆ ದಕ್ಷಿಣದವರನ್ನು ಗೆಲ್ಲಿಸುತ್ತಾನೆ.

ಈ ಕಸುಬಿಗೆ ಪರ್ಯಾಯ ಇತಿಹಾಸ ಎಂಬ ಗಂಭೀರ ಹೆಸರಿದೆ. ಸೂತ್ರ ಸುಲಭ. ನಡೆದ ಒಂದು ಸಣ್ಣ ಸಂಗತಿಯನ್ನು ನಡೆಯಲಿಲ್ಲ ಅನ್ನಬೇಕು, ಅಷ್ಟೆ. 1862ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಸೇನಾನಿ ರಾಬರ್ಟ್ ಲೀ ಹೊರಡಿಸಿದ ಗುಟ್ಟಿನ ಆದೇಶದ ಒಂದು ಪ್ರತಿ ಮೇರಿಲ್ಯಾಂಡ್ ರಾಜ್ಯದಲ್ಲಿ ದಾರಿಯಲ್ಲೇ ಬಿದ್ದುಹೋಯಿತು. ಯಾರೋ ಅದನ್ನು ಮೂರು ಸಿಗಾರಿಗೆ ಸುತ್ತಿಟ್ಟಿದ್ದರು. ಉತ್ತರದ ಸಿಪಾಯಿಗಳ ಕೈಗೆ ಸಿಕ್ಕಿತು. ಸಿಗದೇ ಹೋಗಿದ್ದರೆ?

ಸಿಗದೇ ಹೋಗಿದ್ದರೆ ಹನ್ನೊಂದು ಸಂಪುಟ. ಹ್ಯಾರಿ ಟರ್ಟಲ್‌ಡವ್ ಎಂಬ ಅಮೆರಿಕನ್ ಲೇಖಕ 1997ರಲ್ಲಿ ಶುರು ಮಾಡಿ 2007ರವರೆಗೆ ಬರೆದೇ ಬರೆದ. ಮೂರು ಸಿಗಾರಿಗೆ ಹನ್ನೊಂದು. ಆ ಪುಣ್ಯಾತ್ಮನ ಜೇಬಿನಲ್ಲಿ ಇಡೀ ಡಬ್ಬಿ ಇರಲಿಲ್ಲವಲ್ಲ, ಬದುಕಿಕೊಂಡೆವು.

ಅದೇ ಲೇಖಕನ 1992ರ ಕಾದಂಬರಿಯೊಂದರಲ್ಲಿ ದಕ್ಷಿಣ ಆಫ್ರಿಕಾದ ವರ್ಣದ್ವೇಷಿಗಳು ಕಾಲಯಂತ್ರದಲ್ಲಿ ಹಿಂದಕ್ಕೆ ಹೋಗಿ ಲೀಯ ಸೈನ್ಯಕ್ಕೆ ಎಕೆ-47 ಬಂದೂಕು ಕೊಡುತ್ತಾರೆ. ನಕ್ಕವರು ಬಹಳ. ನನಗೆ ಮಾತ್ರ ಈ ಇಡೀ ರಾಶಿಯಲ್ಲಿ ಪ್ರಾಮಾಣಿಕವಾಗಿ ಕಂಡದ್ದು ಅದೊಂದೇ. ದಕ್ಷಿಣದ ನೆಂಟರು ಯಾರು ಎಂದಾದರೂ ಅದರಲ್ಲಿ ಮುಚ್ಚುಮರೆ ಇಲ್ಲ.

ನನ್ನ ತಕರಾರು ಬಂದೂಕಿನ ಬಗ್ಗೆ ಅಲ್ಲ. ಗೆದ್ದ ಮೇಲೆ ಇವರೆಲ್ಲ ಏನು ಮಾಡಿಸುತ್ತಾರೆ ಎಂಬುದರ ಬಗ್ಗೆ.

ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಇಂಥದ್ದೊಂದು ಲೇಖನ ಬರೆದ. ಭಾರತಕ್ಕೆ ಸ್ವರಾಜ್ಯದ ಚೂರೂ ಕೊಡಕೂಡದು ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಕಾಲ ಅದು. ನಿಜದಲ್ಲಿ ಸೋತ ಗೆಟ್ಟಿಸ್‌ಬರ್ಗ್ ಕದನವನ್ನು ಅವನ ಲೇಖನದಲ್ಲಿ ಲೀ ಗೆಲ್ಲುತ್ತಾನೆ. ವಾಷಿಂಗ್ಟನ್ ಹೊಕ್ಕು ಗುಲಾಮಗಿರಿ ರದ್ದಾಯಿತು ಎಂದು ತಾನೇ ಘೋಷಿಸುತ್ತಾನೆ. ಬ್ರಿಟನ್ ಓಡಿಬಂದು ತಬ್ಬಿಕೊಳ್ಳುತ್ತದೆ. ಇಂಗ್ಲಿಷ್ ಮಾತಾಡುವ ಬಿಳಿಯರೆಲ್ಲ ಒಂದಾಗುತ್ತಾರೆ. ಮೊದಲ ಮಹಾಯುದ್ಧವೇ ತಪ್ಪಿಹೋಗುತ್ತದೆ. ಕಪ್ಪು ಜನ ಏನೆಂದರು? ಅವರನ್ನು ಕೇಳಿದವರಾರು.

1960ರಲ್ಲಿ ಮೆಕಿನ್ಲೆ ಕ್ಯಾಂಟರ್ 'ಲುಕ್' ಪತ್ರಿಕೆಗೆ ಬರೆದದ್ದೂ ಇದೇ ರಾಗ. ದಕ್ಷಿಣ ಗೆಲ್ಲುತ್ತದೆ. ಕೆಲವು ದಶಕ ಕಳೆದ ಮೇಲೆ ತಾನಾಗಿಯೇ ಗುಲಾಮರನ್ನು ಬಿಡುತ್ತದೆ. ಕೊನೆಗೆ ಎಲ್ಲರೂ ಹಳೆಯದನ್ನು ಮರೆತು ಮತ್ತೆ ಒಂದೇ ದೇಶವಾಗುತ್ತಾರೆ. ಆನಂದಬಾಷ್ಪ.

ಅದೇ 1960ರಲ್ಲಿ, ಕಾದಂಬರಿಯ ಹೊರಗೆ, ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೊ ಊರಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಗಡಿಯ ಊಟದ ಕೌಂಟರಿನಲ್ಲಿ ಕೂತದ್ದೇ ರಾಷ್ಟ್ರೀಯ ಸುದ್ದಿಯಾಯಿತು. ಅದೇ ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ಒಂದು ಹುಡುಗಿ ಬಿಳಿಯರ ಶಾಲೆಯ ಮೆಟ್ಟಿಲು ಹತ್ತಲು ಕೇಂದ್ರ ಸರ್ಕಾರದ ಕಾವಲುಗಾರರು ಬೇಕಾದರು. ತೊಂಬತ್ತೈದು ವರ್ಷದ ಹಿಂದೆ ಸೋತ ಪಕ್ಷ ಒಂದು ಮಗುವನ್ನು ಒಳಗೆ ಬಿಡಲು ಒಪ್ಪುತ್ತಿರಲಿಲ್ಲ. ಗೆದ್ದಿದ್ದರೆ ಮಾತ್ರ ಕರುಣೆ ಉಕ್ಕಿ ಹರಿಯುತ್ತಿತ್ತಂತೆ.

ಇವರಾರೂ ಓದದ ದಾಖಲೆಗಳಿವೆ. ಬರೆದವರು ದಕ್ಷಿಣದವರೇ.

ದಕ್ಷಿಣದವರು ಕಟ್ಟಿಕೊಂಡ ಹೊಸ ದೇಶದ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀವನ್ಸ್ 1861ರ ಮಾರ್ಚ್ 21ರಂದು ಜಾರ್ಜಿಯಾದ ಸವಾನಾದಲ್ಲಿ ಭಾಷಣ ಮಾಡಿದ. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ, ನಮ್ಮ ಸರ್ಕಾರದ ಮೂಲೆಗಲ್ಲೇ ಇದು ಎಂದ. ಯಾರೂ ಅವನ ಬಾಯಿಗೆ ಆ ಮಾತು ತುರುಕಲಿಲ್ಲ. ಮಿಸಿಸಿಪ್ಪಿ ಬೇರೆಯಾಗುವಾಗ ಹೊರಡಿಸಿದ ಘೋಷಣೆ ಆರಂಭದಲ್ಲೇ ಹೇಳುತ್ತದೆ: ನಮ್ಮ ನಿಲುವು ಗುಲಾಮಗಿರಿಯ ಜೊತೆ ಒಂದಾಗಿದೆ. ದಕ್ಷಿಣದ ಸಂವಿಧಾನವಂತೂ ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ತನ್ನ ಸಂಸತ್ತು ಎಂದೂ ಮಾಡಕೂಡದು ಎಂದು ಕಟ್ಟುಹಾಕಿತು.

ಅಂದರೆ ಬಿಡುಗಡೆಯ ಬಾಗಿಲಿಗೆ ಮೊದಲೇ ಬೀಗ ಜಡಿದು ಯುದ್ಧಕ್ಕೆ ಹೊರಟವರು, ಗೆದ್ದು ಮನೆಗೆ ಬಂದು, ಬೀಗ ತೆಗೆದು, ಸುಮಾರು 35 ಲಕ್ಷ ಜನರನ್ನು ಹೋಗಿಬನ್ನಿ ಎಂದು ಕೈಮುಗಿದು ಕಳಿಸುತ್ತಾರೆ. ಎಕೆ-47 ಕಥೆ ಇದಕ್ಕಿಂತ ನಂಬುವಂತಿದೆ.

ಇಲ್ಲ ಇಲ್ಲ, ಯುದ್ಧ ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಅನ್ನುವವರು ಈಗ ಎದ್ದು ನಿಂತಿರುತ್ತಾರೆ. ಪ್ರತಿ ಸಭೆಯಲ್ಲೂ ಒಬ್ಬ ಇರುತ್ತಾನೆ. ಕೂರಿ ಸ್ವಾಮಿ.

1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನು ಬಂತು. ಉತ್ತರದ ರಾಜ್ಯಗಳು ನಮ್ಮ ನೆಲದಲ್ಲಿ ಇದು ನಡೆಯದು ಎಂದಾಗ ಕೇಂದ್ರದ ಬಲ ಬಳಸಿ ಅವರ ತಲೆ ಬಗ್ಗಿಸಿ ಎಂದು ಅರಚಿದವರು ಯಾರು? ಇದೇ ದಕ್ಷಿಣದವರು. ದಕ್ಷಿಣ ಕ್ಯಾರೊಲೈನಾ ತಾನು ಬೇರೆಯಾಗಲು ಕೊಟ್ಟ ಕಾರಣಗಳಲ್ಲಿ ಉತ್ತರದ ರಾಜ್ಯಗಳು ಈ ಕಾನೂನು ಪಾಲಿಸಲಿಲ್ಲ ಎಂಬ ದೂರೂ ಇದೆ. ರಾಜ್ಯಗಳಿಗೆ ಹಕ್ಕು ಜಾಸ್ತಿಯಾಯಿತು ಎಂದು ಮುನಿಸಿಕೊಂಡು ರಾಜ್ಯಗಳ ಹಕ್ಕಿಗಾಗಿ ಹೋರಾಡಿದರು. ಇದನ್ನು ಅರ್ಥ ಮಾಡಿಕೊಂಡವರಿದ್ದರೆ ನನಗೂ ಹೇಳಿ.

ತಮ್ಮದೇ ದೇಶ ಕಟ್ಟಿಕೊಂಡ ಮೇಲಾದರೂ? 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೈನಿಕ ಭರ್ತಿ ತಂದರು. ಅಮೆರಿಕದ ನೆಲದಲ್ಲಿ ಇಡೀ ದೇಶಕ್ಕೆ ಅನ್ವಯಿಸಿದ ಅಂಥ ಮೊದಲ ಕಾನೂನು ಅದು. ಯಾವ ರಾಜ್ಯದ ಹಕ್ಕನ್ನೂ ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ಅದಕ್ಕೊಂದು ತಿದ್ದುಪಡಿ: ಇಪ್ಪತ್ತು ಅಥವಾ ಹೆಚ್ಚು ಗುಲಾಮರಿರುವ ತೋಟವೊಂದಕ್ಕೆ ಒಬ್ಬ ಬಿಳಿಯನಿಗೆ ಭರ್ತಿಯಿಂದ ವಿನಾಯಿತಿ. ಇಪ್ಪತ್ತು ಜನರನ್ನು ಕಟ್ಟಿಹಾಕಿದವನು ಮನೆಯಲ್ಲಿ. ಒಬ್ಬರೂ ಇಲ್ಲದ ಬಡ ರೈತ ಗುಂಡಿನ ಮುಂದೆ. ಅವನ ಮರಿಮೊಮ್ಮಗ ಇವತ್ತು ಪಿಕಪ್ ಗಾಡಿಯ ಹಿಂದೆ ಆ ಧಣಿಯ ಬಾವುಟ ಸಿಕ್ಕಿಸಿಕೊಂಡು ಓಡಾಡುತ್ತಾನೆ.

ಉತ್ತರದವರು ಸಾಚಾ ಎಂದು ಯಾರಾದರೂ ಮುಗುಳ್ನಗುತ್ತಿದ್ದರೆ ಅವರಿಗೂ ಒಂದು ಮಾತು. 1862ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ನ ಸುಮಾರು 3,000 ಗುಲಾಮರನ್ನು ಕಾನೂನು ಮಾಡಿ ಬಿಡಿಸಿದರು. ಪರಿಹಾರವನ್ನೂ ಕೊಟ್ಟರು. ತಲೆಗೆ ಸರಾಸರಿ 300 ಡಾಲರ್ ಮಿತಿ. ಕೊಟ್ಟದ್ದು ಒಡೆಯರಿಗೆ! ಪಾಪ, ಅವರಿಗೆ ನಷ್ಟವಾಗಿತ್ತಲ್ಲ. ಜೀವಮಾನವಿಡೀ ಬಿಟ್ಟಿ ದುಡಿದವರಿಗೆ ಇದ್ದ ಕೊಡುಗೆ ಬೇರೆ: ದೇಶ ಬಿಟ್ಟು ಹೈಟಿಗೋ ಲೈಬೀರಿಯಾಕ್ಕೋ ತೊಲಗಿದರೆ 100 ಡಾಲರ್‌ವರೆಗೆ.

ಮರುವರ್ಷ ಉತ್ತರದಲ್ಲೂ ಕಡ್ಡಾಯ ಭರ್ತಿ ಬಂತು. ಹಣವಿದ್ದವನು ಸರ್ಕಾರಕ್ಕೆ ಕಟ್ಟಿ ಯುದ್ಧದಿಂದ ತಪ್ಪಿಸಿಕೊಳ್ಳಬಹುದಿತ್ತು. ಎಷ್ಟು? 300 ಡಾಲರ್. ಮನುಷ್ಯನ ಬೆಲೆಯ ವಿಷಯದಲ್ಲಿ ಆ ಸರ್ಕಾರ ಬಹಳ ನಿಯಮಬದ್ಧವಾಗಿತ್ತು.

ಈ ಯುದ್ಧಕ್ಕೂ ನಮಗೂ ನಂಟಿದೆ. ಹತ್ತಿ ನಿಲ್ಲಿಸಿದರೆ ಬ್ರಿಟನ್ ಮಂಡಿಯೂರಿ ಬಂದು ತಮ್ಮನ್ನು ಮಾನ್ಯ ಮಾಡುತ್ತದೆ ಎಂದು ದಕ್ಷಿಣದವರು ಲೆಕ್ಕ ಹಾಕಿದ್ದರು. ಲಂಕಾಷೈರ್‌ನ ಗಿರಣಿಗಳು ನಿಂತವು, ಕೂಲಿಗಳು ಉಪವಾಸ ಬಿದ್ದರು. ಗಿರಣಿ ಮಾಲೀಕರು ಮಾತ್ರ ಭೂಪಟ ಬಿಚ್ಚಿ ಈಜಿಪ್ಟ್ ನೋಡಿದರು, ಭಾರತ ನೋಡಿದರು. ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ತಳಿಯನ್ನು 1840ರ ದಶಕದಲ್ಲೇ ಬಿತ್ತಿಸಿದ್ದರು. ಈಗ ಅದಕ್ಕೆ ಚಿನ್ನದ ಬೆಲೆ. ಆ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಬಾಂಬೆಗೆ ಸೇರಿಸಿದರು. ಮಿಸಿಸಿಪ್ಪಿಯಲ್ಲಿ ಗುಂಡು ಹಾರಿದ್ದಕ್ಕೆ ಅಂಕೋಲೆಯವರ ಕಚೇರಿ ಬದಲಾಯಿತು.

1865ರಲ್ಲಿ ಯುದ್ಧ ನಿಂತಿತು, ಹತ್ತಿ ದರ ಕುಸಿಯಿತು, ಬಾಂಬೆಯ ಷೇರುಪೇಟೆ ನೆಲಕಚ್ಚಿತು. ಬಿತ್ತಿ ಎಂದು ಬೆನ್ನು ತಟ್ಟಿದವರು ರೈತನನ್ನು ತಿರುಗಿ ನೋಡಲಿಲ್ಲ. ದಕ್ಷಿಣದ ಹತ್ತಿ ಲೆಕ್ಕಾಚಾರ ತಲೆಕೆಳಗಾದದ್ದರಲ್ಲಿ ಕಪ್ಪು ಮಣ್ಣಿನ ಈ ಒಕ್ಕಲಿಗನ ಪಾಲೂ ಇದೆ. ನಾನು ಓದಿದ ಯಾವ ಪರ್ಯಾಯ ಇತಿಹಾಸದಲ್ಲೂ ಹುಬ್ಬಳ್ಳಿ ಇಲ್ಲ. ಸಿಗಾರಿಗೆ ಇರುವ ಮರ್ಯಾದೆ ಹತ್ತಿಗಿಲ್ಲ.

ಈಗ ಮುಖ್ಯ ವಿಷಯ. ದಕ್ಷಿಣ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ತಲೆ ಕೆರೆದುಕೊಳ್ಳುವ ಅಗತ್ಯವೇ ಇಲ್ಲ. ಸೋತ ಮೇಲೆ ಏನಾಯಿತು ನೋಡಿ.

ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ದಂಗೆ. ಅದರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಸಿಕ್ಕಿಬಿದ್ದ. ಎರಡು ವರ್ಷ ಒಳಗಿದ್ದ. ವಿಚಾರಣೆಯೇ ನಡೆಯಲಿಲ್ಲ. ಜಾಮೀನಿನ ಮೊತ್ತ ಒಂದು ಲಕ್ಷ ಡಾಲರ್. ಸಹಿ ಹಾಕಿದವರಲ್ಲಿ ಉತ್ತರದ ಕೋಟ್ಯಧಿಪತಿ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಇದ್ದ, ಗುಲಾಮಗಿರಿಯ ವಿರುದ್ಧ ಬರೆದು ಹೆಸರಾಗಿದ್ದ ಪತ್ರಕರ್ತ ಹೊರೇಸ್ ಗ್ರೀಲಿ ಇದ್ದ. ಡೇವಿಸ್ ಮನೆಗೆ ಹೋಗಿ ಆತ್ಮಸಮರ್ಥನೆ ಬರೆದುಕೊಂಡು 1889ರವರೆಗೆ ಬದುಕಿದ.

ಮೂಲೆಗಲ್ಲಿನ ಸ್ಟೀವನ್ಸ್? ಸೋತ ಮೇಲೆ ಎರಡು ದಪ್ಪ ಸಂಪುಟ ಬರೆದು ಯುದ್ಧ ನಡೆದದ್ದು ಸಂವಿಧಾನದ ಸೂಕ್ಷ್ಮಗಳಿಗಾಗಿ ಎಂದು ವಾದಿಸಿದ. ಆಮೇಲೆ ಅದೇ ಅಮೆರಿಕದ ಸಂಸತ್ತಿಗೆ ಆರಿಸಿಬಂದ. ಜಾರ್ಜಿಯಾದ ಗವರ್ನರ್ ಆಗಿಯೇ ಸತ್ತ. ಯಾವ ಸರ್ಕಾರವನ್ನು ಒಡೆಯಲು ಹೊರಟಿದ್ದನೋ ಅದರ ಸಂಸತ್ ಭವನದೊಳಗೆ 1927ರಲ್ಲಿ ಅವನ ಅಮೃತಶಿಲೆಯ ಪ್ರತಿಮೆ ನಿಂತಿತು. 1931ರಲ್ಲಿ ಡೇವಿಸ್‌ನದೂ ನಿಂತಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೇವೆ. ಇಲ್ಲಿ ಬಿದ್ದ ಜಟ್ಟಿಯ ಮೀಸೆಗೆ ಸರ್ಕಾರವೇ ಎಣ್ಣೆ ಹಚ್ಚಿ ತೀಡಿಕೊಟ್ಟಿತು.

ದಂಗೆಕೋರರಿಗೆ ಇಷ್ಟು ಕ್ಷಮೆ. ದುಡಿದವರಿಗೆ?

1865ರ ಜನವರಿಯಲ್ಲಿ ಉತ್ತರದ ಜನರಲ್ ಷರ್ಮನ್ ಆದೇಶ ಹೊರಡಿಸಿದ. ಕರಾವಳಿಯ ಧಣಿಗಳು ಬಿಟ್ಟೋಡಿದ ಜಮೀನು ಗುಲಾಮರಾಗಿದ್ದವರಿಗೆ, ಕುಟುಂಬಕ್ಕೆ 40 ಎಕರೆ ಮೀರದಂತೆ. ಸುಮಾರು 40,000 ಜನ ಹೋಗಿ ನೆಲೆಯೂರಿದರು. ಉತ್ತರು, ಬಿತ್ತಿದರು. ಅಧ್ಯಕ್ಷ ಲಿಂಕನ್ ಕೊಲೆಯಾದ. ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ದಂಗೆಕೋರರಿಗೆ ಕ್ಷಮಾಪತ್ರ ಹಂಚಿದ್ದೇ ಹಂಚಿದ್ದು. ಕ್ಷಮೆಯ ಜೊತೆ ಜಮೀನೂ ವಾಪಸ್. ಅಕ್ಟೋಬರ್‌ನಲ್ಲಿ ಸರ್ಕಾರದ ಪರವಾಗಿ ಜನರಲ್ ಹೊವರ್ಡ್ ದಕ್ಷಿಣ ಕ್ಯಾರೊಲೈನಾದ ಎಡಿಸ್ಟೊ ದ್ವೀಪಕ್ಕೆ ಹೋಗಿ ಈ ಸಿಹಿ ಸುದ್ದಿ ಹೇಳಿದ: ನೆಲ ಬಿಡಿ, ಹಳೆಯ ಧಣಿಯ ಜೊತೆ ಹೊಂದಿಕೊಂಡು ಕೂಲಿ ಮಾಡಿ.

ಯುದ್ಧ ಮುಗಿದು ಆರೇ ತಿಂಗಳು. ಸೋತವನು ಜಮೀನ್ದಾರ. ಗೆಲ್ಲಿಸಿಕೊಟ್ಟವನು ಕೂಲಿಯಾಳು.

ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿಯಲ್ಲೇ ಒಂದು ಕಿಂಡಿ ಉಳಿಸಿದ್ದರು. ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳಬಹುದು. ಇನ್ನೇನು ಬೇಕು? ಮಿಸಿಸಿಪ್ಪಿ ಆ ವರ್ಷವೇ ಕಾನೂನು ಮಾಡಿತು: ಕೆಲಸವಿಲ್ಲದ ಕಪ್ಪು ಮನುಷ್ಯ ಅಲೆಮಾರಿ, ಅಲೆಮಾರಿತನ ಅಪರಾಧ. ದಂಡ ಕಟ್ಟಲಾಗದಿದ್ದರೆ ಅದನ್ನು ಕಟ್ಟಿದವನ ಹೊಲದಲ್ಲಿ ದುಡಿಮೆ. ಪೋಷಿಸುವವರಿಲ್ಲದ ಮಕ್ಕಳನ್ನು ಕೆಲಸ ಕಲಿಯಲು ಬಿಡುವಾಗ ಹಳೆಯ ಒಡೆಯನಿಗೇ ಮೊದಲ ಆದ್ಯತೆ. ಕೈದಿಗಳನ್ನು ಗಣಿಗೂ ತೋಟಕ್ಕೂ ಬಾಡಿಗೆಗೆ ಬಿಡುವ ಪದ್ಧತಿಯನ್ನು ಅಲಬಾಮಾ ನಿಲ್ಲಿಸಿದ್ದು 1928ರಲ್ಲಿ. ಪರ್ಯಾಯ ಇತಿಹಾಸ ಬರೆಯುವವನು ಇದನ್ನೆಲ್ಲ ಹೊಸದಾಗಿ ಊಹಿಸಬೇಕೆ?

1873ರಲ್ಲಿ ಪುಣೆಯಲ್ಲಿ ಜೋತಿರಾವ್ ಫುಲೆ 'ಗುಲಾಮಗಿರಿ' ಪ್ರಕಟಿಸಿದರು. ಕಪ್ಪು ಜನರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಆ ಕೃತಜ್ಞತೆಗೆ ಅರ್ಹರಾದವರು ಅಲ್ಲಿ ಇದ್ದರು, ಸುಳ್ಳಲ್ಲ.

ಅದೇ ವರ್ಷದ ಈಸ್ಟರ್ ಭಾನುವಾರ ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ, ಚುನಾವಣೆಯ ಜಗಳದಲ್ಲಿ, ನ್ಯಾಯಾಲಯದ ಕಟ್ಟಡ ಕಾಯುತ್ತಿದ್ದ ಕಪ್ಪು ಜನರನ್ನು ಬಿಳಿಯರ ದಂಡು ಕೊಚ್ಚಿಹಾಕಿತು. ಶರಣಾದವರನ್ನೂ ಬಿಡಲಿಲ್ಲ. ಶಿಕ್ಷೆಯಾಗಿದ್ದ ಬೆರಳೆಣಿಕೆಯ ಜನರನ್ನು 1876ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. 1950ರ ದಶಕದ ಆರಂಭದಲ್ಲಿ ಅಲ್ಲಿ ಸರ್ಕಾರದ ಫಲಕ ನೆಟ್ಟರು. ಕೊಂದದ್ದಕ್ಕೆ ದಂಗೆ ಎಂದು ಹೆಸರು. ಉತ್ತರದಿಂದ ಬಂದವರ ದುರಾಡಳಿತ ಇದರಿಂದ ಕೊನೆಗೊಂಡಿತು ಎಂಬ ಸಮಾಧಾನದ ಸಾಲು ಬೇರೆ. ಕಿತ್ತದ್ದು 2021ರಲ್ಲಿ.

1876ರ ಅಧ್ಯಕ್ಷ ಚುನಾವಣೆ ಗೊಂದಲದಲ್ಲಿ ಮುಗಿಯಿತು. ಹದಿನೈದು ಜನರ ಆಯೋಗ ಎಂಟಕ್ಕೆ ಏಳರಂತೆ ರುದರ್‌ಫರ್ಡ್ ಹೇಯ್ಸ್‌ಗೆ ಗದ್ದುಗೆ ಕೊಟ್ಟಿತು. 1877ರಲ್ಲಿ ಲೂಸಿಯಾನಾ ಮತ್ತು ದಕ್ಷಿಣ ಕ್ಯಾರೊಲೈನಾದ ಸರ್ಕಾರಗಳನ್ನು ಕಾಯುತ್ತಿದ್ದ ಕೇಂದ್ರದ ಸೈನಿಕರು ಬ್ಯಾರಕ್ಕಿಗೆ ಮರಳಿದರು. ಲಿಂಕನ್‌ನ ಪಕ್ಷಕ್ಕೆ ಕುರ್ಚಿ, ದಕ್ಷಿಣದ ಧಣಿಗಳಿಗೆ ದಕ್ಷಿಣ. ಗೆಟ್ಟಿಸ್‌ಬರ್ಗ್‌ನಲ್ಲಿ ಲೀಗೆ ಸಿಗದದ್ದು ವಾಷಿಂಗ್ಟನ್‌ನ ಕೋಣೆಗಳಲ್ಲಿ ಸಿಕ್ಕಿತು. ಒಂದು ಗುಂಡೂ ಖರ್ಚಾಗಲಿಲ್ಲ.

ಆಮೇಲಿನದು ಬರೀ ಲೆಕ್ಕ. 1896ರಲ್ಲಿ ಲೂಸಿಯಾನಾದ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನ 1,30,334. ಎರಡು ವರ್ಷದ ನಂತರ ಹೊಸ ಸಂವಿಧಾನ ಬರೆದರು. 1904ರಲ್ಲಿ ಉಳಿದವರು 1,342. ಮಿಸಿಸಿಪ್ಪಿ 1890ರಲ್ಲೇ ದಾರಿ ತೋರಿಸಿತ್ತು: ಮತ ಹಾಕಲು ಎರಡು ಡಾಲರ್ ತೆರಿಗೆ, ಸಂವಿಧಾನದ ಒಂದು ಕಲಮು ಓದಬೇಕು ಇಲ್ಲವೇ ವಿವರಿಸಬೇಕು. ವಿವರಣೆ ಸರಿಯೋ ತಪ್ಪೋ ಹೇಳುವವನು ಬಿಳಿಯ ಗುಮಾಸ್ತ. ಎಷ್ಟು ಜನ ಪಾಸಾದರು ಎಂದು ಕೇಳಬೇಡಿ.

1881ರಲ್ಲಿ ಮಿಸಿಸಿಪ್ಪಿಯ ಬ್ಲಾಂಚ್ ಬ್ರೂಸ್ ಸೆನೆಟ್‌ನಿಂದ ಇಳಿದ. ದಕ್ಷಿಣದಿಂದ ಮುಂದಿನ ಕಪ್ಪು ಸೆನೆಟರ್ ಬಂದದ್ದು 2013ರಲ್ಲಿ. ನೂರ ಮೂವತ್ತೆರಡು ವರ್ಷ ಮಧ್ಯಂತರ ವಿರಾಮ.

ಗುಲಾಮಗಿರಿ ರದ್ದು ಮಾಡಿದ ತಿದ್ದುಪಡಿಗೆ ಮಿಸಿಸಿಪ್ಪಿ ಒಪ್ಪಿಗೆ ಕೊಟ್ಟದ್ದು ಯಾವಾಗ ಗೊತ್ತೆ? 1995ರಲ್ಲಿ. ಕೊಟ್ಟದ್ದನ್ನು ವಾಷಿಂಗ್ಟನ್‌ಗೆ ತಿಳಿಸಲು ಮರೆತರು. ಕಾಗದಪತ್ರ ಪೂರ್ತಿಯಾದದ್ದು 2013ರಲ್ಲಿ. ಸರ್ಕಾರಿ ಕಡತ ಎಲ್ಲ ದೇಶದಲ್ಲೂ ಒಂದೇ ವೇಗದಲ್ಲಿ ನಡೆಯುತ್ತದೆ ಎಂದು ನಾವು ಸಂತೋಷಪಡಬಹುದು.

ಈ ಗೆಲುವನ್ನು ಸೋಲು ಎಂದು ಕರೆದುಕೊಂಡು ಅಳುವುದಕ್ಕೂ ಒಂದು ಸಂಘಟನೆ ಬೇಕಿತ್ತು. 1894ರಲ್ಲಿ ನ್ಯಾಶ್‌ವಿಲ್‌ನಲ್ಲಿ ದಕ್ಷಿಣದ ಯೋಧರ ಹೆಣ್ಣುಮಕ್ಕಳ ಸಂಘ ಹುಟ್ಟಿತು. ಊರೂರಲ್ಲಿ ಪ್ರತಿಮೆ ನಿಲ್ಲಿಸಿತು. ಅದರ ಇತಿಹಾಸಕಾರ್ತಿಯಾಗಿದ್ದ ಮಿಲ್ಡ್ರೆಡ್ ರುದರ್‌ಫರ್ಡ್ ಎಂಬ ಮೇಡಂ ಪಠ್ಯಪುಸ್ತಕ ಅಳೆಯುವ ಕೋಲೊಂದನ್ನೇ ಅಚ್ಚು ಹಾಕಿಸಿದರು. ದಕ್ಷಿಣ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳಲು ಎನ್ನುವ ಪುಸ್ತಕವನ್ನು ತಿರಸ್ಕರಿಸಿ. ಒಡೆಯರು ಕ್ರೂರಿಗಳಾಗಿದ್ದರು ಎನ್ನುವುದನ್ನೂ ತಿರಸ್ಕರಿಸಿ. ಪರ್ಯಾಯ ಇತಿಹಾಸವನ್ನು ಕಾದಂಬರಿಯ ಕಪಾಟಿನಲ್ಲಿಟ್ಟವರು ಮೂರ್ಖರು. ಇವರು ಅದನ್ನು ಐದನೇ ಕ್ಲಾಸಿನ ಮಕ್ಕಳ ಚೀಲಕ್ಕೇ ಹಾಕಿದರು.

ರಾಬರ್ಟ್ ಲೀ ಮಾತ್ರ ಇಂಥ ಸ್ಮಾರಕಗಳು ಬೇಡ, ಯುದ್ಧದ ಗಾಯ ಕೆದಕಬೇಡಿ ಎಂದು 1869ರಲ್ಲಿ ಪತ್ರ ಬರೆದಿದ್ದ. ಭಕ್ತರು ದೇವರ ಮಾತು ಕೇಳುವ ಪದ್ಧತಿ ಎಲ್ಲಿದೆ? ರಿಚ್ಮಂಡ್‌ನಲ್ಲಿ 1890ರಲ್ಲೇ ಅವನನ್ನು ಕುದುರೆ ಹತ್ತಿಸಿದರು.

ಜಾರ್ಜಿಯಾದ ಸ್ಟೋನ್ ಮೌಂಟನ್ ಬಂಡೆಯ ಮೇಲೆ ಡೇವಿಸ್, ಲೀ ಮತ್ತು ದಕ್ಷಿಣದ ಇನ್ನೊಬ್ಬ ಸೇನಾನಿ ಜಾಕ್ಸನ್ ಮೂವರನ್ನೂ ಕೆತ್ತಿದ್ದಾರೆ. ಮುಗಿದದ್ದು 1972ರಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದು ಬಂದ ಮೇಲೆ. ಅದೇ ರಾಜ್ಯ ತನ್ನ ಧ್ವಜದಲ್ಲಿ ದಂಗೆಯ ಬಾವುಟ ಸೇರಿಸಿಕೊಂಡದ್ದು 1956ರಲ್ಲಿ. ಪರಂಪರೆಯ ನೆನಪು ಬಂದದ್ದು ತೊಂಬತ್ತು ವರ್ಷದ ನಂತರ, ಅದೂ ಶಾಲೆಗಳಲ್ಲಿ ಬಣ್ಣದ ಭೇದ ಕೂಡದು ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿದ ಮೇಲೆ. ಕಾಕತಾಳೀಯ, ಇನ್ನೇನು.

ಅಲಬಾಮಾ, ಮಿಸಿಸಿಪ್ಪಿಗಳಲ್ಲಿ ಜನವರಿಯ ಮೂರನೇ ಸೋಮವಾರ ಸರ್ಕಾರಿ ರಜೆ. ಮಾರ್ಟಿನ್ ಲೂಥರ್ ಕಿಂಗ್ ಜಯಂತಿ. ಜೊತೆಗೆ, ಅದೇ ದಿನ, ರಾಬರ್ಟ್ ಲೀ ಜಯಂತಿ. ಸಂಕೋಲೆ ಹಾಕಲು ಹೋರಾಡಿದವನಿಗೂ ಅದರ ಕೊನೆಯ ಕೊಂಡಿ ಕಳಚಲು ಹೋಗಿ ಗುಂಡೇಟು ತಿಂದವನಿಗೂ ಒಂದೇ ರಜೆ. ಖರ್ಚು ಉಳಿತಾಯ.

ನ್ಯಾಯವಾಗಿ ಹೇಳಬೇಕೆಂದರೆ ಈ ಆಟದ ಕಳ್ಳತನ ಹಿಡಿದವರೂ ಇದ್ದಾರೆ. ಕೆವಿನ್ ವಿಲ್ಮಾಟ್ 2004ರಲ್ಲಿ 'ಸಿ.ಎಸ್.ಎ.' ಎಂಬ ಅಣಕು ಸಾಕ್ಷ್ಯಚಿತ್ರ ತೆಗೆದ. ದಕ್ಷಿಣ ಗೆದ್ದ ದೇಶದ ಟಿ.ವಿ. ಕಾರ್ಯಕ್ರಮ, ನಡುನಡುವೆ ಜಾಹೀರಾತು. ಕಪ್ಪು ಜನರನ್ನು ಗೇಲಿ ಮಾಡುವ ಹೆಸರಿನ ಟೂತ್‌ಪೇಸ್ಟು, ಹೋಟೆಲು. ಎಷ್ಟು ಘೋರ ಕಲ್ಪನೆ ಎಂದು ಪ್ರೇಕ್ಷಕ ಬೆಚ್ಚುತ್ತಾನೆ. ಕೊನೆಯಲ್ಲಿ ಅಕ್ಷರ ಮೂಡುತ್ತದೆ: ಇವುಗಳಲ್ಲಿ ಹಲವು ನಿಜವಾಗಿಯೂ ಮಾರಾಟವಾಗುತ್ತಿದ್ದವು.

2017ರ ಜುಲೈನಲ್ಲಿ ಎಚ್‌ಬಿಒ ವಾಹಿನಿ ದಕ್ಷಿಣ ಗೆದ್ದ ಅಮೆರಿಕದ ಧಾರಾವಾಹಿ ಮಾಡುತ್ತೇವೆ ಎಂದು ಸಾರಿತು. ಆಗಸ್ಟ್‌ನಲ್ಲಿ ಷಾರ್ಲಟ್ಸ್‌ವಿಲ್‌ನಲ್ಲಿ ಲೀ ಪ್ರತಿಮೆ ಉಳಿಸಲು ಬಂದವರು ಪಂಜು ಹಿಡಿದು ಮೆರವಣಿಗೆ ಮಾಡಿದರು. ಅವರನ್ನು ವಿರೋಧಿಸಿದವರ ಮೇಲೆ ಒಬ್ಬ ಕಾರು ಹತ್ತಿಸಿದ. ಒಬ್ಬ ಹೆಣ್ಣುಮಗಳು ಸತ್ತಳು. ಧಾರಾವಾಹಿ ಕೊನೆಗೂ ಬರಲಿಲ್ಲ. ವಾರ್ತೆಯ ಜೊತೆ ಪೈಪೋಟಿ ಕಷ್ಟ.

1864ರ ಜುಲೈನಲ್ಲಿ ದಕ್ಷಿಣದ ಜನರಲ್ ಜುಬಲ್ ಅರ್ಲಿ ವಾಷಿಂಗ್ಟನ್‌ನ ಅಂಚಿನವರೆಗೆ ಬಂದಿದ್ದ. ಸಂಸತ್ ಭವನ ಕೆಲವೇ ಮೈಲಿ. ಫೋರ್ಟ್ ಸ್ಟೀವನ್ಸ್‌ನಲ್ಲಿ ತಡೆದು ಓಡಿಸಿದರು. ನಾಲ್ಕು ವರ್ಷದ ಯುದ್ಧದಲ್ಲಿ ಅವನ ಬಾವುಟಕ್ಕೆ ಒಳಗೆ ಹೋಗಲಾಗಲಿಲ್ಲ. ಸಂಸತ್ ಭವನಕ್ಕೆ ಗುಂಪು ನುಗ್ಗಿದ 2021ರ ಜನವರಿ 6ರಂದು ಹೋಯಿತು. ಜೀನ್ಸ್ ತೊಟ್ಟವನೊಬ್ಬ ಹೆಗಲ ಮೇಲೆ ಹೊತ್ತು ಹಜಾರದಲ್ಲಿ ಅಡ್ಡಾಡಿದ. 

ಇಷ್ಟೊಂದು ಜಾಣ ಲೇಖಕರಿದ್ದಾರೆ, ಬಹುಪಾಲು ಎಲ್ಲರ ಕಣ್ಣೂ ಗೆಟ್ಟಿಸ್‌ಬರ್ಗ್ ಮೇಲೆಯೇ. 1877ರಲ್ಲಿ ಆ ಸೈನಿಕರು ಹಿಂದಿರುಗದಿದ್ದರೆ? ಎಡಿಸ್ಟೊ ದ್ವೀಪಕ್ಕೆ ಹೊವರ್ಡ್ ಬರದೇ ಇದ್ದಿದ್ದರೆ? ನಲವತ್ತು ಎಕರೆ ನಲವತ್ತು ಎಕರೆಯಾಗಿಯೇ ಉಳಿದಿದ್ದರೆ? ಈ ಪುಸ್ತಕ ಯಾರಿಗೂ ಬೇಡ. ಮುಖಪುಟಕ್ಕೆ ಹಾಕಲು ಬಂದೂಕಿಲ್ಲ, ಕುದುರೆಯಿಲ್ಲ, ಬಿಳಿ ಗಡ್ಡದ ಮುದುಕನೂ ಇಲ್ಲ. ಕಪ್ಪು ರೈತ ತನ್ನ ಹೊಲದಲ್ಲಿ ಜೋಳ ಬೆಳೆಯುವುದನ್ನು ಹನ್ನೊಂದು ಸಂಪುಟ ಯಾರು ಓದುತ್ತಾರೆ?

ಕೊನೆಗೆ ಸೈನ್ಯದ ನೆಲೆಗಳ ಪ್ರಸಂಗ. ಅಮೆರಿಕದ ಸೈನ್ಯ ತನ್ನ ಒಂಬತ್ತು ನೆಲೆಗಳಿಗೆ ತನ್ನ ಮೇಲೆಯೇ ಗುಂಡು ಹಾರಿಸಿದ ದಂಡಿನವರ ಹೆಸರಿಟ್ಟುಕೊಂಡಿತ್ತು. ಬ್ರ್ಯಾಗ್, ಬೆನ್ನಿಂಗ್, ಹುಡ್, ಲೀ. ಬ್ರ್ಯಾಗ್ ಅಂತೂ ಚಟನೂಗದಲ್ಲಿ ಸೋತು ಓಡಿದವನು, ಉತ್ತರಕ್ಕೆ ಅವನಿಂದ ಉಪಕಾರವೇ ಆಯಿತು. ಅವನಿಗಾದರೂ ಇರಲಿ ಬಿಡಿ ಅನ್ನಬಹುದು. ಈ ಹೆಸರುಗಳನ್ನು ತೆಗೆಯಲು ಸಂಸತ್ತು ಕಾನೂನು ಮಾಡಿತು. ಅಧ್ಯಕ್ಷ ಟ್ರಂಪ್ ತಡೆದರೂ ಕೇಳದೆ ಪಾಸು ಮಾಡಿತು. 2023ರಲ್ಲಿ ಒಂಬತ್ತೂ ಹೆಸರು ಬದಲಾದವು.

2025ರಲ್ಲಿ ಹಳೆಯ ಹೆಸರುಗಳು ವಾಪಸ್ ಬಂದವು. ಕಾನೂನು ಅಡ್ಡ ಇತ್ತಲ್ಲ, ಹೇಗೆ? ದಂಗೆಯ ಬ್ರ್ಯಾಗ್ ಅಲ್ಲ, ಎರಡನೇ ಮಹಾಯುದ್ಧದ ಸಿಪಾಯಿ ರೋಲಂಡ್ ಬ್ರ್ಯಾಗ್. ಹಳೆಯ ಬೆನ್ನಿಂಗ್ ಅಲ್ಲ, ಮೊದಲ ಮಹಾಯುದ್ಧದ ಫ್ರೆಡ್ ಬೆನ್ನಿಂಗ್. ಕಡತ ಜಾಲಾಡಿ ಅದೇ ಅಡ್ಡಹೆಸರಿನ ವೀರರನ್ನು ಹುಡುಕಿ ತೆಗೆದರು. ಅವರು ನಿಜಕ್ಕೂ ವೀರರೇ. ಇಷ್ಟು ವರ್ಷ ಯಾರಿಗೂ ನೆನಪಾಗದಿದ್ದವರು ಸರಿಯಾದ ಅಡ್ಡಹೆಸರಿನಲ್ಲಿ ಹುಟ್ಟಿದ ಪುಣ್ಯಕ್ಕೆ ನೆನಪಾದರು.

ವರ್ಜೀನಿಯಾದ ಫೋರ್ಟ್ ಲೀಗೆ 2023ರಲ್ಲಿ ಗ್ರೆಗ್ ಮತ್ತು ಆಡಮ್ಸ್ ಎಂಬ ಇಬ್ಬರು ಕಪ್ಪು ಅಧಿಕಾರಿಗಳ ಹೆಸರಿಟ್ಟಿದ್ದರು. ಆ ಹೆಸರು ತೆಗೆದರು. ಈಗ ಮತ್ತೆ ಫೋರ್ಟ್ ಲೀ. ರಾಬರ್ಟ್ ಲೀ ಅಲ್ಲ, ಛೆ ಛೆ. ಸ್ಪೇನ್ ವಿರುದ್ಧದ ಯುದ್ಧದಲ್ಲಿ ಶೌರ್ಯ ಪದಕ ಪಡೆದ ಕಪ್ಪು ಸೈನಿಕ ಫಿಟ್ಜ್ ಲೀ. ಇಬ್ಬರು ಕಪ್ಪು ಜನರನ್ನು ಇಳಿಸಿ, ಒಬ್ಬ ಕಪ್ಪು ಸೈನಿಕನನ್ನು ಮುಂದೆ ನಿಲ್ಲಿಸಿ, ಅವನ ಬೆನ್ನ ಹಿಂದಿನಿಂದ ಹಳೆಯ ಧಣಿಯನ್ನು ಒಳಗೆ ಕರೆತಂದರು. ಫಲಕಕ್ಕೆ ಹೆಸರು ಬರೆಯುವಾಗ 'ಫೋರ್ಟ್ ಲೀ' ಎಂದರೆ ಸಾಕು. ಯಾವ ಲೀ ಎಂದು ಅನುಮಾನ ಬಂದವರು ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ವಿಚಾರಿಸಿಕೊಳ್ಳಬಹುದು.